ಅವಳಿಗೇನು ಬೇಕಂತೆ?

ನಮ್ಮ ಮನೆಯಲ್ಲಿ ತನಗೆ ಬೇಕಾದದ್ದನ್ನು ತಾನೇ ಬಾಯಿಬಿಟ್ಟು ಕೇಳುವುದು ಕಳ್ಳತನಕ್ಕಿಂತ ದೊಡ್ಡ ತಪ್ಪಾಗಿತ್ತು. ಕದ್ದು ಸಿಕ್ಕಿಬಿದ್ದರೆ ಅಪ್ಪ ಎರಡು ಬಿಗಿದು ಮರೆತುಬಿಡುತ್ತಿದ್ದ. ಕೇಳಿದರೆ ಮಾತ್ರ ಅಜ್ಜಿ ಮುಂದಿನ ಯುಗಾದಿಯವರೆಗೂ ಆಡಿಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ ಇನ್ನೊಂದು ಒಬ್ಬಟ್ಟು ಬೇಕೆನಿಸಿದರೆ ಖಾಲಿ ತಟ್ಟೆ ನೋಡುತ್ತ ಸುಮ್ಮನೆ ಕೂರಬೇಕು. ಪಕ್ಕದಲ್ಲಿದ್ದವರು ಅದನ್ನು ಕಂಡು "ಇವಳಿಗೊಂದು ಹಾಕಿ" ಅನ್ನಬೇಕು. ಪಕ್ಕದಲ್ಲಿದ್ದವರಿಗೆ ಅವತ್ತು ನಮ್ಮ ಮೇಲೆ ಮುನಿಸಿದ್ದರೆ ಆ ಒಬ್ಬಟ್ಟಿನ ಆಸೆ ಬಿಡಬೇಕಾಗಿತ್ತು. ಇದನ್ನು ಕಲಿಸಿದವಳು ಅಜ್ಜಿ, ಅವಳಿಗೆ ಕಲಿಸಿದವಳು ಅವಳ ಅತ್ತೆ. ಬೇರೆಯವರ ಮನೆಗಳಲ್ಲಿ ಮಕ್ಕಳು ಹಟ ಮಾಡಿ ಅತ್ತು ಕೇಳುವುದನ್ನು ಕಂಡರೆ ನಮಗೆ ಅಸಹ್ಯವಾಗುತ್ತಿತ್ತು, ಒಳಗೊಳಗೇ ಹೊಟ್ಟೆಯೂ ಉರಿಯುತ್ತಿತ್ತು.

"ತನ್ಗೆ ಬೇಕು ಅಂತ ತಾನೇ ಕೇಳೋನು ತಿರ್ಪೆ ಎತ್ತೋನು ಕಣ್ರಮ್ಮಿ. ಮನುಸ್ರಿಗೆ ಬೇಕಾದ್ದ ಇನ್ನೊಬ್ರು ಕೇಳ್ತಾರೆ," ಅನ್ನುತ್ತಿದ್ದಳು ಅಜ್ಜಿ.

ಹೀಗಾಗಿ ಮನೆಯಲ್ಲಿ ಒಬ್ಬೊಬ್ಬರಿಗೂ ಇನ್ನೊಬ್ಬರ ಬಾಯಿ ಇತ್ತು. ಅಪ್ಪನಿಗೆ ಬೇಕಾದದ್ದನ್ನು ಅಜ್ಜಿ ಹೇಳುತ್ತಿದ್ದಳು, ಅಜ್ಜಿಗೆ ಬೇಕಾದದ್ದನ್ನು ಅವ್ವ ಹೇಳುತ್ತಿದ್ದಳು. ಅವ್ವನಿಗೆ ಏನು ಬೇಕು ಎಂದು ಯಾರಾದರೂ ಕೇಳಿದ ನೆನಪು ನನಗಿಲ್ಲ. ನನಗೆ ಮಂಗಳಕ್ಕ, ಮಂಗಳಕ್ಕನಿಗೆ ನಾನು. ಅವಳಿಗೆ ನನ್ನನ್ನು ಬಿಟ್ಟು ಬೇರೆ ಬಾಯಿ ಇರಲಿಲ್ಲ. ಈ ಅಧ್ಯಾಯದಲ್ಲಿ ನಾನು ಹೇಳಬೇಕಾಗಿರುವುದು ಆ ಬಾಯಿಯ ವಿಷಯ.

ನಮ್ಮದು ಗಾವಡಗೆರೆಯ ಪಕ್ಕದ ಹಳ್ಳಿ, ಹೊಗೆಸೊಪ್ಪು ಬೆಳೆಯುವ ಮನೆ. ಹಿತ್ತಿಲ ಆಚೆಗೆ ಸೊಪ್ಪು ಬೇಯಿಸುವ ಬ್ಯಾರನ್ನು, ಎತ್ತರದ ಇಟ್ಟಿಗೆ ಗೋಡೆಯ, ಕಿಟಕಿಯಿಲ್ಲದ ಕಟ್ಟಡ. ಬೇಯಿಸುವ ಕೆಲಸ ಮುಗಿದ ಮೇಲೆ ಸೊಪ್ಪೆಲ್ಲ ಮನೆಯ ನಡುಹಜಾರಕ್ಕೆ ಬರುತ್ತಿತ್ತು. ಆಗ ನಮಗೆ ಕೂರಲು, ಮಲಗಲು ಗೋಡೆಯ ಬದಿಯ ಒಂದು ಚಾಪೆಯಗಲ ಜಾಗ ಮಾತ್ರ. ಮಧ್ಯಾಹ್ನದ ಬೆಳಕು ಚೆನ್ನಾಗಿರುವಾಗ ಎಲ್ಲರೂ ಚಾಪೆಯ ಮೇಲೆ ಸುತ್ತ ಕೂತು ಎಲೆ ಎಲೆಯನ್ನೂ ಬಿಡಿಸಿ, ಬಣ್ಣ ನೋಡಿ ಗ್ರೇಡು ಮಾಡಬೇಕು. ನಿಂಬೆಹಣ್ಣಿನ ಬಣ್ಣದ್ದು ಬ್ರೈಟು, ಕೆಂಪಗಾದದ್ದು ಮೀಡಿಯಮ್ಮು, ಕಲೆ ಬಿದ್ದದ್ದು, ಹಸಿರುಳಿದದ್ದು ಲೋ. ಅಜ್ಜಿಯ ಕಣ್ಣು ಮಹಾ ಚುರುಕು. ಎಲೆಯನ್ನು ಬೆಳಕಿಗೆ ಹಿಡಿಯದೆಯೇ ಗುಡ್ಡೆಗೆ ಎಸೆಯುತ್ತಿದ್ದಳು. ಎಲೆಗಳಿಗೆ ಮಾಡಿದ್ದನ್ನೇ ಮನುಷ್ಯರಿಗೂ ಮಾಡುತ್ತಿದ್ದಳು. ಬೀದಿಯಲ್ಲಿ ಹೋದ ಸೊಸೆಯಂದಿರು, ಊರಿಗೆ ಬಂದ ಮೇಷ್ಟ್ರು, ಮಾತಾಡಿಸಲು ಬಂದ ನೆಂಟರು, ಎಲ್ಲರೂ ಬಾಗಿಲು ದಾಟಿದ ಕೂಡಲೇ ಒಂದೊಂದು ಗುಡ್ಡೆಗೆ ಬೀಳುತ್ತಿದ್ದರು. ನಾನು ಬ್ರೈಟು. ಅಜ್ಜಿಯ ಮಗನ ಮಗಳು, ಬೆಳ್ಳಗೆ ಹುಟ್ಟಿದವಳು, ಹೇಳಿದ್ದಕ್ಕೆ ತಿರುಗಿ ಮಾತಾಡದವಳು. ಮಂಗಳಕ್ಕ ಲೋ.

ಮಂಗಳಕ್ಕ ಅಪ್ಪನ ತಂಗಿ ಗೌರತ್ತೆಯ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಗೌರತ್ತೆ ಅವಳನ್ನು ಹೆತ್ತ ದಿನವೇ ತೀರಿಕೊಂಡಳು. ಅವಳಪ್ಪ ಕೆ.ಆರ್. ನಗರದ ಕಡೆಯವನು, ವರ್ಷ ತಿರುಗುವುದರೊಳಗೆ ಇನ್ನೊಂದು ಮದುವೆ ಮಾಡಿಕೊಂಡು ಕೂಸನ್ನು ತಂದು ನಮ್ಮ ಜಗಲಿಯ ಮೇಲೆ ಬಿಟ್ಟು ಹೋದ. ಅಜ್ಜಿಗೆ ಒಬ್ಬಳೇ ಮಗಳು. ಮಗಳು ಸತ್ತ ದಿನವೂ ಮೊಮ್ಮಗಳು ಹುಟ್ಟಿದ ದಿನವೂ ಒಂದೇ ಆದ್ದರಿಂದ ಪ್ರತಿವರ್ಷ ಆ ದಿನ ಬಂದರೆ ಅಜ್ಜಿ ಗೌರತ್ತೆಯ ಫೋಟೋದ ಮುಂದೆ ಎಡೆಯಿಟ್ಟು, ದೀಪ ಹಚ್ಚುವ ಹೊತ್ತಿನವರೆಗೆ ಮಂಗಳಕ್ಕನ ಮುಖ ನೋಡುತ್ತಿರಲಿಲ್ಲ. ತನ್ನ ಮುಖ ಅಜ್ಜಿಗೆ ಕಾಣಬಾರದೆಂದು ಮಂಗಳಕ್ಕನೇ ಬೆಳಿಗ್ಗೆ ಎದ್ದು ಹೊಲದ ಕಡೆ ಹೋಗಿಬಿಡುತ್ತಿದ್ದಳು. ಎಡೆಗಿಟ್ಟ ಪಾಯಸ ಎಲ್ಲರಿಗೂ ಬಡಿಸುತ್ತಿದ್ದರು, ಅವಳಿಗೂ. ತಾಯಿಯನ್ನು ತಿಂದುಕೊಂಡು ಹುಟ್ಟಿದವಳು ಎಂಬ ಮಾತನ್ನು ಅಜ್ಜಿ ಸಿಟ್ಟಿನಲ್ಲೇನೂ ಹೇಳುತ್ತಿರಲಿಲ್ಲ. ಮಳೆ ಬಂತು, ಬಸ್ಸು ಹೋಯಿತು ಅನ್ನುವ ಹಾಗೆ ಹೇಳುತ್ತಿದ್ದಳು. ಮಂಗಳಕ್ಕ ಆ ಮಾತು ಕೇಳುತ್ತಲೇ ಪಾಯಸ ಕುಡಿಯುತ್ತಿದ್ದಳು.

ಹುಣಸೂರಿನ ಹೈಸ್ಕೂಲಿಗೆ ಸೇರಿದ ಮೇಲೆ ಅವಳ ಕೈಗೆ ಟ್ರಂಪೆಟ್ ಬಂತು. ಶಾಲೆಯಲ್ಲಿ ಬ್ಯಾಂಡ್ ಸೆಟ್ಟಿತ್ತು. ಕೊಡಗಿನ ಕಡೆಯವರಾದ, ಮಿಲಿಟರಿಯಿಂದ ರಿಟೈರಾಗಿ ಬಂದಿದ್ದ ಬ್ಯಾಂಡ್ ಮೇಷ್ಟ್ರು ಸಾಲಾಗಿ ಮಕ್ಕಳನ್ನು ನಿಲ್ಲಿಸಿ ಒಬ್ಬೊಬ್ಬರಿಗೂ ಅದನ್ನು ಕೊಟ್ಟು ಊದಿಸಿದರಂತೆ. ಹುಡುಗರು ಕೆನ್ನೆ ಉಬ್ಬಿಸಿ ಉಬ್ಬಿಸಿ ಉಗುಳು ಹಾರಿಸಿದ್ದೇ ಬಂತು. ಮಂಗಳಕ್ಕ ತುಟಿ ಬಿಗಿದು ಒಂದೇ ಸಲಕ್ಕೆ ಸ್ವರ ಎಬ್ಬಿಸಿದಳು. ಆಮೇಲೆ ಅದು ಅವಳದೇ ಆಯಿತು. ಶನಿವಾರ ಭಾನುವಾರ ಮನೆಗೆ ತರಲು ಮೇಷ್ಟ್ರು ಒಪ್ಪಿದ್ದರು. ಮನೆಯವರೆಲ್ಲ ಅದಕ್ಕೆ ತುತ್ತೂರಿ ಅನ್ನುತ್ತಿದ್ದರು. ಮನೆಯೊಳಗೆ ಊದಬಾರದೆಂದು ಅಜ್ಜಿ ಹೇಳಿದ್ದರಿಂದ ಅವಳು ಖಾಲಿ ಬ್ಯಾರನ್ನಿನೊಳಗೆ ನಿಂತು ಊದುತ್ತಿದ್ದಳು. ಆ ಎತ್ತರದ ಗೋಡೆಗಳ ನಡುವೆ ಒಂದು ಸ್ವರ ನಾಲ್ಕಾಗಿ ಮೇಲಿನ ಗಂಡಿಯಿಂದ ಹೊರಗೆ ಬರುತ್ತಿತ್ತು. ಊದಿ ಊದಿ ಅವಳ ತುಟಿಯ ಮೇಲೆ ಚಿಕ್ಕ ಬಳೆ ಒತ್ತಿದ ಹಾಗೆ ಕೆಂಪು ಗುರುತು ಬಿದ್ದಿತ್ತು. ಅವ್ವನಿಗೆ ಅದನ್ನು ಕಂಡರಾಗುತ್ತಿರಲಿಲ್ಲ.

"ನೋಡು ಬಾಯಿನ, ಕೋಳಿ ತಿಪ್ಪೆ ಕೆದಕ್ದಂಗೆ ಆಗದೆ. ನಾಳೀಕೆ ಎಣ್ಣು ನೋಡಕ್ಕೆ ಬಂದೋರ್ಗೆ ಏನಂತ ಏಳದು? ವಾಲಗ ಊದೋಳು ಅನ್ನದಾ?"

ನಾನೂ ಕಡಿಮೆಯೇನಿರಲಿಲ್ಲ. ಬ್ಯಾರನ್ನಿನ ಬಾಗಿಲಲ್ಲಿ ಕೂತು ಅವಳಿಗೆ ಕಾಣುವಂತೆ ಹುಣಸೆಹಣ್ಣು ಚೀಪುತ್ತಿದ್ದೆ. ಊದುವವರ ಎದುರು ಹುಳಿ ತಿಂದರೆ ಅವರ ಬಾಯಲ್ಲಿ ನೀರೂರಿ ಸ್ವರ ಕೆಡುತ್ತದೆಂದು ಎಲ್ಲರಿಗೂ ಗೊತ್ತಲ್ಲ. ಅವಳು ಮೊದಮೊದಲು ನಗುತ್ತಿದ್ದಳು, ಆಮೇಲೆ ನನ್ನ ಕಡೆ ಬೆನ್ನು ತಿರುಗಿಸಿ ಊದಲು ಕಲಿತಳು. ಅವಳು ನನಗೆ ಆ ವಾದ್ಯದ ಪ್ರತಿಯೊಂದು ಭಾಗವನ್ನೂ ತೋರಿಸಿದ್ದಳು. ಮೂರು ಗುಂಡಿಗಳು, ಗುಂಡಿಯ ಕೆಳಗೆ ಮೂರು ಕೊಳವೆ, ಕೊಳವೆಯೊಳಗೆ ನುಣ್ಣಗೆ ಮೇಲೆ ಕೆಳಗೆ ಆಡುವ ಮೂರು ವಾಲ್ವು. ಮೇಷ್ಟ್ರು ಹೇಳಿದ್ದನ್ನು ಅವರ ದನಿಯಲ್ಲೇ ಅಣಕಿಸಿ ಹೇಳುತ್ತಿದ್ದಳು: ವಾಲ್ವಿಗೆ ಅದರದೇ ಎಣ್ಣೆ ಬಿಟ್ಟು ಇನ್ನೇನೂ ಸೋಕಬಾರದು. ಹುಣಸೆಹಣ್ಣು ಬೇಡ, ಬೂದಿ ಬೇಡ, ಸಬೀನ ಬೇಡ. ಒಂದು ಹರಳು ಮರಳು ಒಳಗೆ ಹೋದರೂ ಅದು ಕಚ್ಚಿಕೊಳ್ಳುತ್ತದೆ, ಆಮೇಲೆ ದೇವರೇ ಬಂದರೂ ಊದಲಾಗುವುದಿಲ್ಲ. ಇದನ್ನು ಅವಳು ನನ್ನೊಬ್ಬಳಿಗೇ ಹೇಳಿದ್ದಳು, ಮನೆಯಲ್ಲಿ ಬೇರೆ ಯಾರೂ ಕೇಳಿರಲಿಲ್ಲ.

ಅವಳು ಹತ್ತನೇ ಕ್ಲಾಸಿನಲ್ಲಿದ್ದ ವರ್ಷದ ಆಗಸ್ಟ್ ಹದಿನೈದಕ್ಕೆ ಅಜ್ಜಿ ಕೀಲುನೋವಿಗೆ ಮದ್ದು ತರಲು ಆಸ್ಪತ್ರೆಗೆಂದು ಅಪ್ಪನ ಜೊತೆ ಹುಣಸೂರಿಗೆ ಹೋಗಿದ್ದಳು. ರಜೆಯೆಂದು ಆಸ್ಪತ್ರೆ ಮುಚ್ಚಿತ್ತು. ಮೈದಾನದಲ್ಲಿ ಜನ ಸೇರಿದ್ದನ್ನು ಕಂಡು ನಿಂತರು. ಬ್ಯಾಂಡಿನ ಮುಂದೆ, ಬಿಳಿ ಲಂಗ ಕೆಂಪು ಪಟ್ಟಿ ಹಾಕಿಕೊಂಡು ಮಂಗಳಕ್ಕ ಒಬ್ಬಳೇ ಊದಿದಳಂತೆ, ಉಳಿದವರೆಲ್ಲ ಸುಮ್ಮನಿದ್ದರಂತೆ. ಪಕ್ಕದಲ್ಲಿದ್ದ ಯಾರೋ ಹೆಂಗಸು "ಯಾರ ಮನೆ ಎಣ್ಣುಮಗ ಕಣ್ರೀ ಇದು" ಎಂದಾಗ ಅಜ್ಜಿಯ ಬಾಯಿಂದ "ನಮ್ಮ ಗೌರಿ ಮಗ" ಎಂಬ ಮಾತು ಬಂದುಬಿಟ್ಟಿತು. ಹದಿನೈದು ವರ್ಷದಲ್ಲಿ ಅಜ್ಜಿ ಅವಳನ್ನು ಗೌರಿಯ ಮಗಳು ಎಂದು ಕರೆದದ್ದು ಅದೇ ಮೊದಲು. ಅಪ್ಪ ಮನೆಗೆ ಬಂದು ಇದನ್ನು ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ನನ್ನ ಕಣ್ಣು ಒಣಗಿಯೇ ಇತ್ತು.

ಅಲ್ಲಿಂದ ಅಜ್ಜಿ ಬದಲಾಗುತ್ತ ಹೋದಳು. ಬದಲಾಗುವುದೆಂದರೆ ಅಜ್ಜಿಯ ಲೆಕ್ಕದಲ್ಲಿ ಬಲು ಸಣ್ಣದು: ಮಂಗಳಕ್ಕನ ಮುದ್ದೆಗೆ ಒಂದು ಬೆರಳು ಬೆಣ್ಣೆ, ಬಸ್ಸಿನಿಂದ ತಡವಾಗಿ ಬಂದರೆ ಒಂದು ಸಲ ಬಾಗಿಲಾಚೆ ಇಣುಕಿ ನೋಡುವುದು. ಬೆಣ್ಣೆ ನನ್ನ ಮುದ್ದೆಗೂ ಇತ್ತು, ಒಂದು ತೊಟ್ಟೂ ಕಡಿಮೆಯಾಗಿರಲಿಲ್ಲ. ಆದರೆ ಇನ್ನೊಬ್ಬಳಿಗೂ ಇದೆ ಎನ್ನುವುದೇ ನನ್ನ ಬೆಣ್ಣೆಯ ರುಚಿ ಕೆಡಿಸಿತು. ಬ್ರೈಟಿಗೆ ಬೆಲೆ ಬರುವುದು ಪಕ್ಕದಲ್ಲಿ ಲೋ ಇದ್ದಾಗ ಮಾತ್ರ. ಹದಿನಾಲ್ಕು ವರ್ಷದ ಹುಡುಗಿಗೆ ಇದು ಎಷ್ಟು ಚೆನ್ನಾಗಿ ಅರ್ಥವಾಗಿತ್ತು ಎಂದು ನೆನೆದರೆ ಈಗ ನಲವತ್ತು ದಾಟಿದ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಆ ವರ್ಷ ಮೈಸೂರಿನಲ್ಲಿ ಶಾಲಾ ಬ್ಯಾಂಡುಗಳ ಸ್ಪರ್ಧೆಯಿತ್ತು. ಅಲ್ಲಿ ಚೆನ್ನಾಗಿ ಊದಿದ ಮಕ್ಕಳಿಗೆ ಅಲ್ಲಿಯದೇ ಒಂದು ಕಾಲೇಜಿನವರು ಹಾಸ್ಟೆಲ್ ಸಮೇತ ಸೀಟು ಕೊಡುತ್ತಾರೆಂದು ಮೇಷ್ಟ್ರು ಮನೆಗೇ ಬಂದು ಹೇಳಿಹೋದರು. ಹತ್ತನೇ ಕ್ಲಾಸು ಮುಗಿದರೆ ಮಂಗಳಕ್ಕನನ್ನು ಬಿಡಿಸಿ ಸೊಪ್ಪಿನ ಕೆಲಸಕ್ಕೆ ಹಾಕುವುದೆಂದು ಆಗಲೇ ತೀರ್ಮಾನವಾಗಿತ್ತು. ಅಪ್ಪ ಕೆಟ್ಟವನಲ್ಲ. ಮೇಷ್ಟ್ರು ಹೋದ ಮೇಲೆ ತುಂಬ ಹೊತ್ತು ಯೋಚಿಸಿ ಹೇಳಿದ:

"ಅವ್ಳು ಊದಿ ಸೀಟು ತಗಂಡ್ರೆ ಓಗ್ಲಿ, ನಾನು ಅಡ್ಡ ಬರಾಕಿಲ್ಲ. ಸಿಗ್ನಿಲ್ವಾ, ಆಮೇಲೆ ಓದು ಗೀದು ಅನ್ನಂಗಿಲ್ಲ. ಮನೇಲಿ ಸೊಪ್ಪು ಕಟ್ಕಂಡು ಇರ್ಬೇಕು."

ಸ್ಪರ್ಧೆಯ ಹಿಂದಿನ ದಿನವೇ ಅವಳ ಹುಟ್ಟುಹಬ್ಬ ಬಿತ್ತು. ಅದಕ್ಕೆ ಒಂದು ವಾರ ಮೊದಲು, ಬಚ್ಚಲ ಒಲೆಗೆ ಸೊಪ್ಪಿನ ಕಡ್ಡಿ ತುರುಕುತ್ತ ಮಂಗಳಕ್ಕ ನನ್ನ ಜೊತೆ ಕೂತಳು. ಹುಟ್ಟುಹಬ್ಬಕ್ಕೆ ಏನು ಬೇಕೆಂದು ಅಜ್ಜಿ ಉಳಿದವರ ವಿಷಯದಲ್ಲಿ ಕೇಳುವ ಹಾಗೆ ಈ ಸಲ ತನ್ನ ವಿಷಯದಲ್ಲೂ ಕೇಳಬಹುದೆಂದು ಅವಳಿಗೂ ಅನಿಸಿತ್ತು. ಹದಿನಾರು ವರ್ಷಕ್ಕೆ ಮೊದಲ ಸಲ. ಅವಳು ಸೀರೆ, ಓಲೆ ಅಂತೇನಾದರೂ ಹೇಳುತ್ತಾಳೆಂದುಕೊಂಡಿದ್ದೆ.

"ನಂಗೇನೂ ಬೇಡ ಕಣೆ ಸುಧಾ. ಮಾವ ಗುರುವಾರ ಮೈಸೂರ್‌ಗೆ ಓಗ್ತದಲ್ಲ, ಅಲ್ಲಿ ವಾದ್ಯದ ಅಂಗ್ಡೀಲಿ ವಾಲ್ವಿಗೆ ಬುಡೋ ಎಣ್ಣೆ ಸಿಕ್ತದಂತೆ. ಈಟುದ್ದ ಸೀಸೆ. ಇಸ್ಕೂಲಲ್ಲಿ ಮುಗ್ದೋಗದೆ. ಎರಡ್ನೇ ಗುಂಡಿ ವಸಿ ತಡೀತಾ ಅದೆ. ಅದೊಂದು ಕೊಡ್ಸಿ ಅಂತ ಏಳ್ತೀಯಾ?"

ನಾನು ಹೂಂ ಅಂದೆ. ಅವಳು ಸೀಸೆಯ ಉದ್ದವನ್ನು ಬೆರಳಲ್ಲಿ ಇನ್ನೊಮ್ಮೆ ತೋರಿಸಿ, ಮರೆಯಬೇಡ ಅಂದಳು. ಮರೆಯುವ ಮಾತೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಹಜಾರದಲ್ಲಿ ಗ್ರೇಡು ಮಾಡುತ್ತಿದ್ದೆವು. ಮಂಗಳಕ್ಕ ಶಾಲೆಗೆ ಹೋಗಿದ್ದಳು. ನನಗೆ ಜ್ವರದ ನೆಪ ಇತ್ತು. ಅಜ್ಜಿ ಕೈಯಲ್ಲಿದ್ದ ಎಲೆಯನ್ನೇ ನೋಡುತ್ತ, ಯಾರನ್ನೂ ಕೇಳದವಳ ಹಾಗೆ ಕೇಳಿದಳು.

"ಅವ್ಳಿಗೇನ್ ಬೇಕಂತೆ?"

ಅಪ್ಪ, ಅವ್ವ ಇಬ್ಬರೂ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ನನಗೆ ಆ ಗಳಿಗೆ ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ, ಯಾಕೆಂದರೆ ಅಲ್ಲಿ ಅವಸರವಿರಲಿಲ್ಲ. ಬಾಯಿತಪ್ಪಿ ಹೇಳಿದೆ ಎಂದು ಬರೆಯಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಕೈ ಬರುವುದಿಲ್ಲ. ಅಜ್ಜಿಯ ದನಿಯಲ್ಲಿದ್ದ ಆಸೆಯನ್ನು ನಾನು ಗುರುತಿಸಿದೆ. ಅವಳು ಮಗಳಿಗೆ ಕೊಡಲಾಗದ್ದನ್ನು ಮೊಮ್ಮಗಳಿಗೆ ಕೊಡಲು ತಯಾರಾಗಿ ಕೂತಿದ್ದಳು. ಏನೇ ಹೇಳಿದ್ದರೂ ಕೊಡುತ್ತಿದ್ದಳು.

"ಅವಳಿಗೆ ತುತ್ತೂರಿ ಪಳಪಳ ಅನ್ಬೇಕಂತೆ ಅಜ್ಜಿ," ಅಂದೆ. "ದೇವರ ಮನೆ ಕಳಸದ ತರ. ಮೈಸೂರಲ್ಲಿ ಬೇರೆ ಇಸ್ಕೂಲೋರ್ದೆಲ್ಲ ಹೊಳೀತಿರ್ತದಂತೆ, ಇವಳದ್ದು ಕಪ್ಪಗದೆ ಅಂತ ಅಳ್ತಿದ್ಲು."

ಅಜ್ಜಿ ತಲೆಯೆತ್ತಿದಳು. ಹಿತ್ತಾಳೆ ಬೆಳಗುವುದರಲ್ಲಿ ಅವಳನ್ನು ಮೀರಿಸುವವರು ನಾಲ್ಕೂರಲ್ಲಿ ಇರಲಿಲ್ಲ. ಹಬ್ಬ ಬಂದರೆ ದೇವರ ಮನೆಯ ದೀಪದ ಕಂಬ, ಬಿಂದಿಗೆ, ಗಂಗಾಳ ಎಲ್ಲವನ್ನೂ ಅವಳೇ ಉಜ್ಜಬೇಕು, ಸೊಸೆಗೂ ಮುಟ್ಟಲು ಬಿಡುತ್ತಿರಲಿಲ್ಲ. ಕೀಲುನೋವು ಶುರುವಾದ ಮೇಲೆ ಎರಡು ವರ್ಷದಿಂದ ಬಿಟ್ಟಿದ್ದಳು.

"ಅಷ್ಟೇಯಾ?" ಅಂದಳು. "ಅದ ನಾನೇ ಮಾಡ್ತೀನಿ ಬುಡು. ಅದ್ಕೇನು ಅಂಗ್ಡಿಗೋಗ್ಬೇಕಾ."

ಹುಟ್ಟುಹಬ್ಬದ ದಿನ ಬೆಳಿಗ್ಗೆ ಅವ್ವ ಮಂಗಳಕ್ಕನನ್ನು ಸ್ಪರ್ಧೆಗೆ ಬೇಕಾದ ಬಿಳಿ ಶೂ ತರಲು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋದಳು. ಅದು ಅಜ್ಜಿಯದೇ ಹಂಚಿಕೆ, ಗುಟ್ಟಾಗಿ ಮಾಡಬೇಕೆಂದು. ಅವರು ಬಸ್ಸು ಹತ್ತಿದ್ದೇ ತಡ, ಅಜ್ಜಿ ಸೆರಗು ಸಿಕ್ಕಿಸಿ ನಲ್ಲಿಯ ಬಳಿ ಮಣೆ ಹಾಕಿ ಕೂತಳು. ರಾತ್ರಿಯೇ ನೆನೆಹಾಕಿದ್ದ ಹುಣಸೆಹಣ್ಣು, ಬ್ಯಾರನ್ನಿನ ಒಲೆಯಿಂದ ತಂದು ಜರಡಿ ಹಿಡಿದ ಬೂದಿ, ತೆಂಗಿನ ನಾರು. ನಾನು ತುತ್ತೂರಿ ತಂದುಕೊಟ್ಟೆ. ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು, ಬೆರಳು ಮಡಚಲು ಬಾರದಿದ್ದರೂ ಅಂಗೈಯಿಂದಲೇ ಉಜ್ಜತೊಡಗಿದಳು. ಹೊರಗಿನ ಹೊಳಪಿನ ಪದರ ಎದ್ದು ಮೊದಲು ಮಂಕಾಯಿತು. ಅವಳು ಬಿಡಲಿಲ್ಲ, ಇನ್ನೊಂದು ಸುತ್ತು, ಮತ್ತೊಂದು ಸುತ್ತು. ನಡುನಡುವೆ ಸೋಬಾನೆಯ ಒಂದೊಂದು ಸಾಲು ಗುನುಗುತ್ತಿದ್ದಳು. ಅವಳು ಹಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ನಮ್ಮ ಗೌರಿಗೂ ಇಂಗೇ ಕಣಮ್ಮಿ, ಒಳೆಯೋದು ಅಂದ್ರೆ ಪ್ರಾಣ. ಬಿಂದಿಗೇಲಿ ಮಖ ನೋಡ್ಕಂಡು ತಲೆ ಬಾಚೋಳು. ಇದರ ಒಳೀಕೂ ಬೆಳಗ್ಬೇಕಲ್ವಾ? ಒಳಗೆ ಎಂಗೆ ಕೈ ಓಯ್ತದೆ?"

ಅಲ್ಲಿ ನಿಲ್ಲಿಸಬಹುದಿತ್ತು. ಒಳಗೆ ಬೇಡ ಅಜ್ಜಿ ಅಂದಿದ್ದರೆ ಸಾಕಿತ್ತು. ಹೊರಗಿನ ಬಣ್ಣ ಹೋದದ್ದಕ್ಕೆ ಮೇಷ್ಟ್ರು ಬೈಯುತ್ತಿದ್ದರು, ಅಷ್ಟೆ, ವಾದ್ಯ ನುಡಿಯುತ್ತಿತ್ತು. ನಾನು ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಂಗಳಕ್ಕ ತೋರಿಸಿಕೊಟ್ಟಿದ್ದ ಹಾಗೆಯೇ ಒಂದೊಂದು ಮುಚ್ಚಳ ತಿರುಗಿಸಿ, ಮೂರು ವಾಲ್ವನ್ನೂ ಹೊರಗೆಳೆದು ಅವಳ ಕೈಗಿಟ್ಟೆ. ಇವೂ ಕಪ್ಪಗಾಗಿವೆ ನೋಡಜ್ಜಿ, ಅಂದೆ. ಅವಳು ಅವನ್ನು ದೇವರ ಗಂಟೆ ಉಜ್ಜುವ ಹಾಗೆ ಬೂದಿಯಲ್ಲಿ ಹೊರಳಿಸಿ ಉಜ್ಜಿದಳು. ಕೊಳವೆಯೊಳಗೆ ಹುಣಸೆ ನೀರು ಹುಯ್ದು, ಬಟ್ಟೆ ಸುತ್ತಿದ ಕಡ್ಡಿ ಆಡಿಸಿದಳು. ನೀರಲ್ಲಿ ಅದ್ದಿ ಎತ್ತಿ, ಒರೆಸಿ, ಬಿಸಿಲಿಗಿಟ್ಟಾಗ ತುತ್ತೂರಿ ನಿಜಕ್ಕೂ ಕಣ್ಣು ಕೋರೈಸುತ್ತಿತ್ತು. ಅಜ್ಜಿಯ ಅಂಗೈ ಕೆಂಪಗಾಗಿ ಬಿರಿದಿತ್ತು. ವಾಲ್ವುಗಳನ್ನು ನಾನೇ ಒಳಗೆ ಕೂರಿಸಿದೆ. ಒಳಗೆ ಹೋಗುವಾಗ ಹಲ್ಲು ಕಡಿದ ಹಾಗೆ ಸದ್ದಾಯಿತು.

ಸಂಜೆ ಮಂಗಳಕ್ಕ ಬಂದಾಗ ತುತ್ತೂರಿ ದೇವರ ಮನೆಯಲ್ಲಿ ಗೌರತ್ತೆಯ ಫೋಟೋದ ಕೆಳಗೆ, ಕುಂಕುಮ ಇಟ್ಟು, ಒಂದು ಸೇವಂತಿಗೆ ಹೂ ಸಿಕ್ಕಿಸಿಕೊಂಡು ಮಲಗಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದಳು. ಆ ದಿನ ನೋಡಬಾರದ ಮುಖವನ್ನು ದೀಪ ಹಚ್ಚುವ ಮೊದಲೇ ನೋಡುತ್ತಿದ್ದಳು. ಮಂಗಳಕ್ಕ ಮುಂದೆ ಹೋಗಿ ಅದನ್ನು ಎತ್ತಿಕೊಂಡಳು. ಬೆರಳು ತಾನಾಗಿ ಗುಂಡಿಗಳ ಮೇಲೆ ಹೋಯಿತು. ಮೊದಲನೆಯದು ಇಳಿಯಲಿಲ್ಲ. ಎರಡನೆಯದು ಅರ್ಧ ಇಳಿದು ಅಲ್ಲೇ ನಿಂತಿತು. ಅವಳು ತುತ್ತೂರಿಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಆಮೇಲೆ ತಿರುಗಿ ನೋಡಿದ್ದು ಅಜ್ಜಿಯನ್ನಲ್ಲ, ನನ್ನನ್ನು.

"ಎಂಗದೆ ಮಗಾ?" ಅಂದಳು ಅಜ್ಜಿ. "ನಿಂಗೆ ಇದೇ ಬೇಕು ಅಂತ ಸುಧಾ ಏಳುದ್ಲು. ನಾನೇ ಬೆಳಗ್ದೆ. ಒಳೀಕೆಲ್ಲ ಬೆಳಗಿವ್ನಿ."

ಮಂಗಳಕ್ಕ ಅಜ್ಜಿಯ ಕೈ ನೋಡಿದಳು. ಬಿರಿದ ಗೆರೆಗಳಲ್ಲಿ ಬೂದಿ ಇನ್ನೂ ಕೂತಿತ್ತು.

"ಚೆಂದಾಗದೆ ಅಜ್ಜಿ," ಅಂದಳು. ಬಾಗಿ ಕಾಲಿಗೆ ಬಿದ್ದಳು. ಅಜ್ಜಿ ಅವಳ ಎರಡೂ ಕೆನ್ನೆ ಸವರಿ ದೃಷ್ಟಿ ತೆಗೆದಳು. ಹುಟ್ಟಿದಂದಿನಿಂದ ಆ ಕೈ ಅವಳ ಕೆನ್ನೆಗೆ ತಾಗಿದ್ದು ಅವತ್ತೇ.

ಆಮೇಲೆ ಮಂಗಳಕ್ಕ ಬಚ್ಚಲಲ್ಲಿ ಕೂತು ವಾಲ್ವುಗಳನ್ನು ಬಿಚ್ಚಿ ನೀರಲ್ಲಿ ತೊಳೆದಳು, ಒರೆಸಿದಳು, ಬೇರೆ ದಾರಿ ಕಾಣದೆ ಕೊಬ್ಬರಿ ಎಣ್ಣೆ ಹಚ್ಚಿದಳು. ಅದು ಬೂದಿಯ ಜೊತೆ ಸೇರಿ ಇನ್ನೂ ಅಂಟಾಯಿತು. ಒಂದು ಸಲವೂ ನನ್ನನ್ನು ಕೂಗಲಿಲ್ಲ.

ಮರುದಿನ ಅಪ್ಪನ ಜೊತೆ ನಾನೂ ಮೈಸೂರಿಗೆ ಹೋದೆ. ಹೋಗದೇ ಇರಲು ನನಗೆ ಆಗಲಿಲ್ಲ. ಗುಂಡಿಗಳು ಕಚ್ಚಿಕೊಂಡದ್ದನ್ನು ಮೇಷ್ಟ್ರು ಬಸ್ಸಿನಲ್ಲೇ ಕಂಡುಹಿಡಿದು ಬಣ್ಣಗೆಟ್ಟು ಕೂತಿದ್ದರು. ಅವರ ಬಳಿಯಿದ್ದ ಚೂರು ಗ್ರೀಸು, ಸೀಮೆಎಣ್ಣೆ ಯಾವುದೂ ಕೆಲಸ ಮಾಡಲಿಲ್ಲ. ಬೇರೆ ಟ್ರಂಪೆಟ್ ಶಾಲೆಯಲ್ಲಿರಲಿಲ್ಲ, ವಾದ್ಯದ ಅಂಗಡಿ ತೆರೆಯುವ ಹೊತ್ತಿಗೆ ಸ್ಪರ್ಧೆ ಶುರುವಾಗಿತ್ತು. ಮೈದಾನಕ್ಕೆ ಇಳಿದಾಗ ಬಿಸಿಲಿಗೆ ಮಂಗಳಕ್ಕನ ತುತ್ತೂರಿ ಎಲ್ಲರದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಪಕ್ಕದಲ್ಲಿ ಕೂತ ಜನ ಕೈ ತೋರಿಸಿ ಮಾತಾಡಿಕೊಂಡರು. ಅವಳು ಒಬ್ಬಳೇ ಊದುವ ಭಾಗ ಬಂತು. ಮೊದಲ ಎರಡು ಸ್ವರ ಸರಿಯಾಗಿ ಬಂದವು, ಮೂರನೆಯದು ಸೀಳಿ ಕತ್ತೆ ಕೂಗಿದ ಹಾಗಾಯಿತು. ಜನ ನಕ್ಕರು. ಅವಳು ಇನ್ನೊಮ್ಮೆ ಊದಿದಳು, ಇನ್ನೊಮ್ಮೆ ನಕ್ಕರು. ಆಮೇಲೆ ಅವಳು ತುತ್ತೂರಿಯನ್ನು ತುಟಿಗೆ ಒತ್ತಿಕೊಂಡು, ಊದದೆ, ಗುಂಡಿಗಳ ಮೇಲೆ ಬೆರಳಾಡಿಸುವ ನಟನೆ ಮಾಡುತ್ತ ಕೊನೆಯವರೆಗೂ ಸಾಲಿನಲ್ಲಿ ಹೆಜ್ಜೆ ಹಾಕಿದಳು. ಆ ಹೊಸ ಬಿಳಿ ಶೂ ಒಂದು ಹೆಜ್ಜೆಯೂ ತಪ್ಪಲಿಲ್ಲ.

"ಯಾರು ಮಾಡಿದ್ದು ಇದು?" ಎಂದು ಸ್ಪರ್ಧೆ ಮುಗಿದ ಮೇಲೆ ಮೇಷ್ಟ್ರು ಎಲ್ಲರೆದುರು ಕೇಳಿದರು. "ಇದೇನು ನಿಮ್ಮ ದೇವರ ಮನೆ ಚೊಂಬು ಅಂತ ತಿಳಿದಿರಾ?"

"ನಾನೇ ಸಾರ್," ಅಂದಳು ಮಂಗಳಕ್ಕ.

ಅವರು ತುತ್ತೂರಿಯನ್ನು ಅವಳ ಕೈಯಿಂದ ಕಿತ್ತುಕೊಂಡರು. ಮತ್ತೆ ಅದನ್ನು ಅವಳು ಮುಟ್ಟಲಿಲ್ಲ. ಮನೆಗೆ ಬಂದಾಗ ಅಜ್ಜಿ ಜಗಲಿಯ ಮೇಲೇ ಕಾಯುತ್ತಿದ್ದಳು. ಸೀಟು ಸಿಗದ ವಿಷಯ ಅಪ್ಪ ಅವಳ ಕಿವಿಯಲ್ಲಿ ಹೇಳಿದ. ಅಜ್ಜಿ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಮೊಮ್ಮಗಳು ಮನೆಯಲ್ಲೇ ಉಳಿದರೆ ಅವಳಿಗೆ ಬೇಡವಾಗಿರಲಿಲ್ಲ. ಅವಳಿಗೆ ಬೇಕಾದದ್ದು ಬೇರೆ.

"ತುತ್ತೂರಿ ನೋಡಿ ಏನಂದ್ರು?"

"ಎಲ್ರೂ ಅದ್ನೇ ನೋಡ್ತಿದ್ರು ಅಜ್ಜಿ," ಅಂದಳು ಮಂಗಳಕ್ಕ.

ಅಜ್ಜಿ ಸಾಯುವವರೆಗೂ ಈ ಮಾತನ್ನು ಬಂದವರಿಗೆಲ್ಲ ಹೇಳಿದಳು. ನಾನು ಬೆಳಗಿಕೊಟ್ಟಿದ್ದೆ, ಮೈಸೂರಿಗೆ ಮೈಸೂರೇ ಕಣ್ಣು ಬಿಟ್ಟು ನೋಡಿತು, ಅನ್ನುತ್ತಿದ್ದಳು. ಅವತ್ತು ಬಟ್ಟೆ ಬದಲಿಸಿದ ಮೇಲೆ ಮಂಗಳಕ್ಕ ನನ್ನನ್ನು ಬ್ಯಾರನ್ನಿನ ಹಿಂದಕ್ಕೆ ಕರೆದಳು. ಹೊಡೆಯುತ್ತಾಳೆಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಅಜ್ಜಿಗೆ ಯಾವತ್ತೂ ಗೊತ್ತಾಗ್ಬಾರ್ದು," ಅಂದಳು. "ಗೊತ್ತಾಯ್ತೋ, ನಿನ್ನ ಬುಡಾಕಿಲ್ಲ."

ಅಷ್ಟು ಹೇಳಿ ಒಳಗೆ ಹೋದವಳು ಎರಡು ವರ್ಷ ನನ್ನೊಡನೆ ಮಾತಾಡಲಿಲ್ಲ. ಒಂದೇ ಚಾಪೆಯ ಮೇಲೆ ಎಲೆ ಬಿಡಿಸಿದೆವು, ಒಂದೇ ಸಾಲಿನಲ್ಲಿ ಉಂಡೆವು. ಹತ್ತನೇ ಕ್ಲಾಸು ಮುಗಿಸಿ ಅವಳು ಸೊಪ್ಪಿನ ಕೆಲಸಕ್ಕೆ ಕೂತಳು. ಅವಳ ತುಟಿಯ ಮೇಲಿನ ಕೆಂಪು ಬಳೆ ಮಾಸುತ್ತ ಬಂದು ಆರೇಳು ತಿಂಗಳಿಗೆ ಪೂರಾ ಹೋಯಿತು. ಅವ್ವ ಅದನ್ನು ಕಂಡು ದೇವರಿಗೆ ಕಾಯಿ ಒಡೆಸಿದಳು. ನಾನು ಯಾವುದನ್ನು ಉಳಿಸಿಕೊಳ್ಳಲು ಇದೆಲ್ಲ ಮಾಡಿದೆನೋ ಅದೂ ನನ್ನ ಕೈಯಲ್ಲಿ ಉಳಿಯಲಿಲ್ಲ. ಆ ಒಂದು ದಿನ ಉಜ್ಜಿದ್ದೇ ಉಜ್ಜಿದ್ದು, ಅಜ್ಜಿಗೆ ಮಂಗಳಕ್ಕನ ಮೇಲೆ ಜೀವ ಬಂದುಬಿಟ್ಟಿತ್ತು. ತಲೆ ಬಾಚಲು ಅವಳೇ ಬೇಕು, ಮಾತ್ರೆ ಕೊಡಲು ಅವಳೇ ಬೇಕು. ಮನೆಯ ಯಾವ ವಿಷಯಕ್ಕೂ "ಮಂಗಳ ಏನಂದ್ಲು" ಎಂದು ಕೇಳದೆ ಮುಂದುವರಿಯುತ್ತಿರಲಿಲ್ಲ. ನಾನು ಸದ್ದಿಲ್ಲದೆ ಮೀಡಿಯಮ್ಮಿನ ಗುಡ್ಡೆಗೆ ಬಂದಿದ್ದೆ.

ಈಗ ಮಂಗಳಕ್ಕ ಬೀಚನಹಳ್ಳಿಯಲ್ಲಿದ್ದಾಳೆ. ಗಂಡ ಅಣೆಕಟ್ಟೆಯ ಕೆಲಸದಲ್ಲಿದ್ದಾನೆ, ಅವಳು ಹತ್ತಿರದ ರೆಸಾರ್ಟೊಂದರ ಅಡುಗೆಮನೆಯ ಮೇಲ್ವಿಚಾರಣೆ ನೋಡುತ್ತಾಳೆ. ಮದುವೆ ಮುಂಜಿಗಳಲ್ಲಿ ಸಿಕ್ಕಿದಾಗ ಎಲ್ಲರಿಗೂ ಬಡಿಸಿದ ಹಾಗೆ ನನಗೂ ಬಡಿಸುತ್ತಾಳೆ. ನನ್ನ ಎಲೆ ಖಾಲಿಯಾದರೆ "ಇವ್ಳಿಗೊಂದು ಹಾಕಿ" ಅನ್ನುತ್ತಾಳೆ. ನಾನು ಮೈಸೂರಿನಲ್ಲಿ ಓದಿ, ಅಲ್ಲಿಯೇ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಇಪ್ಪತ್ತು ವರ್ಷವಾಗುತ್ತ ಬಂತು. ಅದು ಹೇಗಾಯಿತೆಂಬುದನ್ನು ಹೇಳಿದರೆ ಈ ಅಧ್ಯಾಯ ಮುಗಿಯುತ್ತದೆ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನನ್ನ ಹುಟ್ಟುಹಬ್ಬವೂ ಗ್ರೇಡಿನ ಕಾಲದಲ್ಲೇ ಬಂತು. ನನಗೆ ಮುಂದೆ ಓದುವ ಹುಚ್ಚು. ಹುಡುಗಿಯರಿಗೆ ಹತ್ತರ ಮೇಲೆ ಓದಿಲ್ಲವೆಂದು ಮಂಗಳಕ್ಕನ ವಿಷಯದಲ್ಲಿ ಮಾಡಿದ ತೀರ್ಮಾನ ನನಗೂ ತಾನಾಗಿ ಬಂದು ಕೂತಿತ್ತು. ಬಾಯಿಬಿಟ್ಟು ಕೇಳುವಂತಿಲ್ಲ, ಕೇಳಲು ನನಗೆ ಯಾರ ಬಾಯಿಯೂ ಇಲ್ಲ. ಮಂಗಳಕ್ಕ ನನ್ನ ಪುಸ್ತಕಗಳ ಮೇಲೆ ಮೈಸೂರಿನ ಕಾಲೇಜಿನ ಅರ್ಜಿ ಕಂಡಿದ್ದಳೆಂದು ಮಾತ್ರ ನನಗೆ ಗೊತ್ತಿತ್ತು. ಆ ಮಧ್ಯಾಹ್ನ ಅಜ್ಜಿ ಎಲೆ ನೋಡುತ್ತ ಎಂದಿನಂತೆ ಕೇಳಿದಳು. ಕೇಳಿದ್ದು ಮಂಗಳಕ್ಕನನ್ನು.

"ಸುಧಾಗೇನ್ ಬೇಕಂತೆ?"

ನನ್ನ ಕೈಯಲ್ಲಿದ್ದ ಎಲೆ ಹರಿಯಿತು. ಅವಳು ಏನು ಬೇಕಾದರೂ ಹೇಳಬಹುದಿತ್ತು. ಪಿರಿಯಾಪಟ್ಟಣದ ಸೋದರಮಾವನ ಮಗ ಆಗಲೇ ನನ್ನನ್ನು ಕೇಳಿದ್ದ. ಅವನೇ ಬೇಕಂತೆ ಅಂದಿದ್ದರೆ ಮರುದಿನವೇ ತಾಂಬೂಲ ಬದಲಾಗುತ್ತಿತ್ತು. ನಾನು ಅವಳ ಮುಖ ನೋಡಿದೆ. ಅವಳು ಎಲೆಯ ಸುಕ್ಕು ಬಿಡಿಸುತ್ತಲೇ ಇದ್ದಳು.

"ಮೈಸೂರಲ್ಲಿ ಓದ್ಬೇಕಂತೆ. ಆಸ್ಟೆಲ್‌ಗೆ ಆಕಿ ಮಾವ. ಓದ್ತಾಳೆ ಅವ್ಳು."

ಅಪ್ಪ ಬೇಡವೆಂದ. ಅವ್ವ ಅತ್ತಳು. ಮಂಗಳಕ್ಕ ದನಿಯೆತ್ತದೆ ಅದನ್ನೇ ಮೂರು ದಿನ ಹೇಳಿದಳು. ಮೂರನೇ ದಿನ ಅಜ್ಜಿ, ಮಂಗಳ ಹೇಳಿದ ಮೇಲೆ ಮುಗಿಯಿತು, ಕಳಿಸು ಅಂದಳು.

ಹಾಸ್ಟೆಲಿಗೆ ಹೊರಟ ದಿನ ಅವಳೇ ನನ್ನ ಟ್ರಂಕು ಹೊತ್ತುಕೊಂಡು ಗಾವಡಗೆರೆಯ ಬಸ್ ಸ್ಟಾಪಿನವರೆಗೆ ಬಂದಳು. ಬಸ್ಸು ಬಂದು ನಿಂತಾಗ ನನಗೆ ಅಳು ತಡೆಯಲಿಲ್ಲ. ಅವಳ ಕೈ ಹಿಡಿದುಕೊಂಡೆ. ಹೊಗೆಸೊಪ್ಪಿನ ಅಂಟು ಹಿಡಿದು ಕಪ್ಪಾಗಿದ್ದ ಕೈ.

"ಮಂಗಳಕ್ಕ, ನಾನು ನಿಂಗೆ ಅಂಗೆ ಮಾಡಿದ್ರೂ ನೀನು ನನ್ ಒಳ್ಳೇದಕ್ಕೆ..."

ಅವಳು ಕೈ ಬಿಡಿಸಿಕೊಂಡಳು. ಟ್ರಂಕನ್ನು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟಳು.

"ನಿನ್ ಒಳ್ಳೇದಕ್ಕಲ್ಲ ಕಣೆ," ಅಂದಳು. "ದಿನಾ ಬೆಳಗಾಗೆದ್ದು ನಿನ್ ಮಖ ನೋಡಕ್ಕೆ ನನ್ ಕೈಲಾಗ್ತಿರ್ನಿಲ್ಲ. ಅದ್ಕೇ ಕಳಿಸ್ತಾ ಇವ್ನಿ. ರಜಾ ಬಂದ್ರೂ ಬರ್ಬೇಡ."

ಕಂಡಕ್ಟರ್ ಸೀಟಿ ಊದಿದ. ನಾನು ಒಳಗೆ ಹೋಗಿ ಕಿಟಕಿಯ ಪಕ್ಕ ಕೂತು ನೋಡುವಷ್ಟರಲ್ಲಿ ಅವಳು ಆಗಲೇ ತಿರುಗಿ ಊರಿನ ದಾರಿ ಹಿಡಿದಿದ್ದಳು.